ಸೇನಾ ನಕ್ಷೆಯಲ್ಲಿ ಕಂದು ಗೆರೆಗಳು ಕೆಲವು ಕಡೆ ಮಾತ್ರ ಒತ್ತೊತ್ತಾಗಿ ಯಾಕಿರುತ್ತವೆ?

ಅಲ್ಲಿ ನೆಲ ಕಡಿದಾಗಿದೆ ಅಂತ ಅರ್ಥ. ಆ ಗೆರೆಗಳಿಗೆ ಕಾಂಟೂರ್ ಅನ್ನುತ್ತಾರೆ. ಒಂದೇ ಗೆರೆ ಹಾದುಹೋಗುವ ಜಾಗಗಳೆಲ್ಲ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುತ್ತವೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಸಾಮಾನ್ಯವಾಗಿ ಗೆರೆಯಿಂದ ಗೆರೆಗೆ 20 ಮೀಟರ್ ಏರಿಕೆ. ನೆಲದ ಒಂದು ಕಿಲೋಮೀಟರ್ ಕಾಗದದ ಮೇಲೆ ಬರೀ 2 ಸೆಂಟಿಮೀಟರ್. ಹಾಗಾಗಿ 2 ಮಿಲಿಮೀಟರ್ ಒಳಗೆ ಐದು ಗೆರೆ ಏರಿದರೆ, 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 100 ಮೀಟರ್ ಮೇಲಕ್ಕೆ ಹತ್ತಬೇಕು. ಬೆನ್ನಿಗೆ ಸಾಮಾನು ಹೊತ್ತ ತುಕಡಿಗೆ ಅದು ದಾರಿಯೇ ಅಲ್ಲ, ಅಲ್ವಾ?

ನೀವು ಪುಣೆಯಲ್ಲಿದ್ದರೆ ಸಿಂಹಗಡದ ಭಾಗ ನೋಡಿ. ಕೋಟೆಯ ಸುತ್ತ ಗೆರೆಗಳು ಅಂಟಿಕೊಂಡಂತಿವೆ, ಖಡಕ್‌ವಾಸ್ಲಾ ಕಡೆ ಇಳಿದಂತೆ ಬಿಡಿಬಿಡಿಯಾಗುತ್ತವೆ.

ಗೆರೆ ಚೂಪಾಗಿ ತಿರುಗಿದ ಕಡೆ ಗೆರೆಗಳ ಮೇಲೆ ಬರೆದ ಎತ್ತರದ ಅಂಕಿ ಓದಿ. ಮೂತಿ ದೊಡ್ಡ ಅಂಕಿಯ ಕಡೆಗಿದ್ದರೆ ಕಣಿವೆ, ಸಣ್ಣದರ ಕಡೆಗಿದ್ದರೆ ಗುಡ್ಡದ ಏಣು. ಕಣಿವೆಯಲ್ಲಿ ನೀರು ತೋರಿಸುವ ನೀಲಿ ಗೆರೆಯನ್ನಷ್ಟೇ ಹುಡುಕಬೇಡಿ. ಮಳೆ ನಿಂತ ಮೇಲೆ ಒಣಗುವ ಹಳ್ಳಗಳನ್ನು ಕಪ್ಪಿನಲ್ಲಿ ಬರೆದಿರುತ್ತಾರೆ, ಸಹ್ಯಾದ್ರಿಯಲ್ಲಿ ಅಂಥವೇ ಜಾಸ್ತಿ. ಸುಮ್ನೆ ಕಣ್ಣಾಡಿಸಿದರೆ ಕಾಲುದಾರಿ ಅನ್ನಿಸಿಬಿಡುತ್ತದೆ.