ಓದುವ ಕೋಣೆಗೆ ಕಡುನೀಲಿಯೋ, ಕೆನೆ ಬಣ್ಣವೋ?

ಒಂದೇ ಕಿಟಕಿಯಿರುವ, ಹೆಚ್ಚಾಗಿ ಸಂಜೆಯ ಮೇಲೆ ಓದಲು ಕೂರುವ ಕೋಣೆಗೆ ಕಡುನೀಲಿ ಒಪ್ಪುತ್ತದೆಯೋ ಕೆನೆ ಬಣ್ಣವೋ, ಕಡುನೀಲಿಯಿಂದ ಕೋಣೆ ಇಕ್ಕಟ್ಟಾಗಿ ಕಾಣುವುದೇ ಎಂದು ಕೇಳಿದ್ದೀರಿ. ಈ ಬಳಕೆಗೆ ನಾನಾದರೆ ಕಡುನೀಲಿಯನ್ನು ಬಿಡುವುದಿಲ್ಲ. ಆದರೆ ಅದನ್ನು ಒಂದೇ ಗೋಡೆಗೆ ಮೀಸಲಿಡುತ್ತೇನೆ.

ಬಣ್ಣದ ಮಾದರಿಗಳಿರುವ ಅನೇಕ ಶೇಡ್ ಕಾರ್ಡ್‌ಗಳಲ್ಲಿ ಎಲ್‌ಆರ್‌ವಿ (ಲೈಟ್ ರಿಫ್ಲೆಕ್ಟೆನ್ಸ್ ವ್ಯಾಲ್ಯೂ) ಎಂಬ ಅಂಕಿಯಿರುತ್ತದೆ. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 100 ಎಂದಿಟ್ಟುಕೊಂಡು, ಬಣ್ಣವು ಎಷ್ಟು ಬೆಳಕನ್ನು ಮರಳಿಸುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಕೆನೆ ಬಣ್ಣಗಳು ಸಾಮಾನ್ಯವಾಗಿ 70ರ ಮೇಲಿರುತ್ತವೆ, ಕಡುನೀಲಿಗಳು 10ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ. ಹಾಗಾಗಿ ಕಿಟಕಿಯಿರುವ ಗೋಡೆಗೆ ಕಡುನೀಲಿ ಬೇಡ: ಹಗಲಿನಲ್ಲಿ ಹೊಳೆಯುವ ಕಿಟಕಿಯ ಸುತ್ತ ಕತ್ತಲೆಯ ಚೌಕಟ್ಟು ಹಾಕಿದಂತಾಗಿ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಮೇಜಿನ ಎದುರಿನ ಗೋಡೆಗೂ ಬೇಡ, ಏಕೆಂದರೆ ದೀಪದಡಿಯ ಬಿಳಿ ಪುಟದಿಂದ ಕಪ್ಪಾದ ಗೋಡೆಗೆ ಪದೇಪದೇ ದೃಷ್ಟಿ ಹೊರಳಿದರೆ ಕಣ್ಣು ಬೇಗ ದಣಿಯುತ್ತದೆ. ಉಳಿದ ಗೋಡೆಗಳಲ್ಲಿ, ಕುರ್ಚಿಯ ಬೆನ್ನ ಹಿಂದಿನದು ಕಡುನೀಲಿಗೆ ತಕ್ಕ ಜಾಗ.

ಇದಕ್ಕಿಂತ ಮುಖ್ಯವಾದದ್ದು, ಯಾರೂ ಅಷ್ಟಾಗಿ ಗಮನಿಸದ ಸಂಗತಿ, ನಿಮ್ಮ ಬಲ್ಬು. ಬೆಳಕು ಹಳದಿಯೋ ಬಿಳಿಯೋ ಎಂಬುದನ್ನು ಕೆಲ್ವಿನ್ ಅಂಕಿ ತಿಳಿಸುತ್ತದೆ; 2700 ಕೆಲ್ವಿನ್ ದೀಪದ ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಅದರಡಿ ಕೆನೆ ಬಣ್ಣ ಇನ್ನಷ್ಟು ಹಳದಿಗೆ ತಿರುಗುತ್ತದೆ, ಕಡುನೀಲಿ ಕಪ್ಪಿನತ್ತ ಜಾರುತ್ತದೆ. ಅದೇ ಗೋಡೆ ಹೆಚ್ಚು ಬಿಳಿಯಾದ 4000 ಕೆಲ್ವಿನ್ ದೀಪದಲ್ಲಿ ಮತ್ತೆ ನೀಲಿಯಾಗುತ್ತದೆ. ಆದ್ದರಿಂದ ಎರಡಡಿ ಅಗಲದ ಎರಡು ಹಲಗೆಗಳಿಗೆ ಎರಡೆರಡು ಕೋಟ್ ಹಚ್ಚಿ, ಗೋಡೆಗಳಿಗೆ ಒರಗಿಸಿ, ಹಗಲಿನಲ್ಲೊಮ್ಮೆ, ಓದುವ ದೀಪದಲ್ಲೊಮ್ಮೆ ನೋಡಿ. ಹಳೆಯ ಗೋಡೆಯ ಮೇಲೇ ತುಂಡು ಬಳಿದರೆ ಪಕ್ಕದ ಬಣ್ಣ ಕಣ್ಣನ್ನು ಮೋಸಗೊಳಿಸುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ.

ಇಕ್ಕಟ್ಟಿನ ಅಂಜಿಕೆ ಉತ್ಪ್ರೇಕ್ಷೆಯೆಂದು ನನ್ನ ಅಭಿಪ್ರಾಯ. ಮಂದ ಬೆಳಕಿನಲ್ಲಿ ಕಡುಬಣ್ಣದ ಗೋಡೆಯ ಮೂಲೆಗಳು ಸ್ಪಷ್ಟವಾಗಿ ಕಾಣದೆ, ಗೋಡೆ ಎಲ್ಲಿ ಮುಗಿಯಿತೆಂಬುದೇ ಮಸುಕಾಗುತ್ತದೆ. ಚಾವಣಿ ಮಾತ್ರ ಬಿಳಿಯೇ ಇರಲಿ.

ನಿರ್ವಹಣೆಯಲ್ಲಿ ಕಡುನೀಲಿ ತಕರಾರಿನದು. ಹೊಳಪಿಲ್ಲದ ಮ್ಯಾಟ್ ಆದರೆ ಕುರ್ಚಿಯ ಬೆನ್ನು ಉಜ್ಜಿದಲ್ಲಿ ಹೊಳಪಿನ ಗೆರೆ ಮೂಡುತ್ತದೆ, ಹೊಳಪಿನದಾದರೆ ಪುಟ್ಟಿಯ ಏರುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ತೀರಾ ಹೊಳೆಯದ ಸ್ಯಾಟಿನ್ ನಡುವಿನ ದಾರಿ. ಇನ್ನೂ ಮನಸ್ಸು ನಿಲ್ಲದಿದ್ದರೆ ಮೊದಲು ನಾಲ್ಕೂ ಗೋಡೆಗಳಿಗೆ ಕೆನೆ ಬಣ್ಣ ಹಚ್ಚಿಸಿ: ಅದರ ಮೇಲೆ ನೀಲಿ ತರುವುದು ಸುಲಭ, ನೀಲಿಯ ಮೇಲೆ ಕೆನೆ ತರಬೇಕಾದರೆ ಪ್ರೈಮರ್‌ನಿಂದ ಮತ್ತೆ ಶುರುಮಾಡಬೇಕು.