ಐಕ್ಯೂ 74 ಬಂತು ಅಂತ ಮಗಳನ್ನ ಸ್ಕೂಲ್ ಬಿಡಿಸ್ಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಹುಟ್ಟಿದಾಗಿಂದ್ಲೂ ಬಲಗಡೆ ಹಣೆ, ರೆಪ್ಪೆ ಮೇಲೆ ದ್ರಾಕ್ಷಿ ಬಣ್ಣದ ಮಚ್ಚೆ ಇದೆ. ಏಳನೇ ತಿಂಗಳಲ್ಲಿ ಫಿಟ್ಸ್ ಶುರುವಾಯ್ತು, ಎಂಆರ್‌ಐ ಮಾಡಿ ಸ್ಟರ್ಜ್-ವೆಬರ್ ಸಿಂಡ್ರೋಮ್ ಅಂದ್ರು. ಮಾತ್ರೆ ನಡೀತಿದೆ, ಈಗ ವರ್ಷಕ್ಕೆ ಒಂದೋ ಎರಡೋ ಸಲ ಬರತ್ತೆ. ಅಜ್ಜಿ ಹೇಳಿದ ಕತೆ ಒಂಚೂರೂ ಬಿಡದೆ ತಿರುಗಿ ಹೇಳ್ತಾಳೆ, ಆದ್ರೆ ಬೋರ್ಡ್ ನೋಡಿ ಬರೆಯೋಕೆ ಆಗಲ್ಲ, 352 ಇದ್ರೆ 52 ಅಂತ ಬರೀತಾಳೆ, ತಟ್ಟೇಲಿ ಎಡಗಡೆ ಹಾಕಿದ ಪಲ್ಯ ಹಾಗೇ ಉಳಿದಿರತ್ತೆ. ಸ್ಕೂಲಿನವರ ಮಾತಿಗೆ ಐಕ್ಯೂ ಟೆಸ್ಟ್ ಮಾಡಿಸಿದ್ವಿ, ಫಿಟ್ಸ್ ಬಂದು ಎರಡು ದಿನ ಆಗಿತ್ತಷ್ಟೆ, 74 ಬಂತು. ಸ್ಪೆಷಲ್ ಸ್ಕೂಲಿಗೆ ಹಾಕಿ ಅಂತಿದಾರೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಸ್ಕೂಲ್ ಬಿಡಿಸೋ ಯೋಚನೆ ಈಗ್ಲೇ ಬೇಡ. ನಿಮ್ಮ ಕಾಗದದಲ್ಲಿ ಆ 74ಕ್ಕಿಂತ ನನಗೆ ಮುಖ್ಯ ಅನ್ಸಿದ್ದು ಪಲ್ಯದ ವಿಷಯ ಮತ್ತೆ 352ರ ವಿಷಯ.

ಈ ಕಾಯಿಲೇಲಿ ಮುಖದ ಮೇಲಿರೋ ಥರದ್ದೇ ರಕ್ತನಾಳದ ಗೋಜಲು ಮೆದುಳಿನ ಹೊದಿಕೆ ಮೇಲೂ ಇರತ್ತೆ, ಸಾಮಾನ್ಯವಾಗಿ ಮಚ್ಚೆ ಇರೋ ಕಡೇನೇ, ಅದ್ರಲ್ಲೂ ಮೆದುಳಿನ ಹಿಂಭಾಗದಲ್ಲಿ ಜಾಸ್ತಿ. ಬಲ ಮೆದುಳಿನ ಹಿಂಭಾಗ ನೋಡ್ಕೊಳ್ಳೋದು ಎಡಗಡೆ ನೋಟಾನ. ಅಲ್ಲಿ ತೊಂದ್ರೆ ಆದ್ರೆ ಎರಡೂ ಕಣ್ಣಲ್ಲೂ ಎಡ ಅರ್ಧ ಕಾಣಲ್ಲ, ಮಗುಗೆ ಅದು ಗೊತ್ತೇ ಇರಲ್ಲ ಯಾಕಂದ್ರೆ ಹುಟ್ಟಿದಾಗಿಂದ ಪ್ರಪಂಚ ಹಂಗೇ ಇದೆ. ಕನ್ನಡ ಓದೋದು ಎಡದಿಂದ ಬಲಕ್ಕೆ, ಹಂಗಾಗಿ ಸಾಲಿನ ಶುರುನೇ ಸಿಗಲ್ಲ. ಮನೇಲೇ ಒಂದ್ಸಲ ನೋಡಿ: ಮಗಳು ನಿಮ್ಮ ಮೂಗನ್ನೇ ನೋಡ್ತಾ ಕೂತಿರ್ಲಿ, ಇನ್ನೊಬ್ರು ಹಿಂದಿನಿಂದ ಒಂದು ಚಮಚಾನ ಸದ್ದಿಲ್ಲದೆ ಪಕ್ಕದಿಂದ ಮುಂದಕ್ಕೆ ತರ್ಲಿ, ಬಲಗಡೆ ಬೇಗ ಕಂಡು ಎಡಗಡೆ ಮೂಗಿನ ಹತ್ರ ಬರೋವರ್ಗೂ ಕಾಣ್ಲಿಲ್ಲ ಅಂದ್ರೆ ಕಣ್ಣಿನ ಡಾಕ್ಟರಿಗೆ ಹೇಳಿ ನೋಟದ ವ್ಯಾಪ್ತಿ ಸರಿಯಾಗಿ ಪರೀಕ್ಷೆ ಮಾಡ್ಸಿ. ಕಣ್ಣಿನ ಒತ್ತಡನೂ ನೋಡ್ಲಿ, ಈ ಕಾಯಿಲೆ ಇರೋರಲ್ಲಿ ಗ್ಲುಕೋಮಾ, ಅಂದ್ರೆ ಒತ್ತಡ ಏರಿ ಕಣ್ಣಿನ ನರ ಹಾಳಾಗೋದು, ತುಂಬಾ ಜನಕ್ಕೆ ಬರತ್ತೆ.

ಇನ್ನು ಐಕ್ಯೂ. ನಮ್ಮಲ್ಲಿ ಇವತ್ತಿಗೂ ಬಳಸೋ ಬಿನೆ-ಕಾಮತ್ ಟೆಸ್ಟ್ ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಅಂತ್ಲೇ ಹೊಂದಿಸಿದ್ದು, ಟೆಸ್ಟ್ ಕೆಟ್ಟದ್ದಲ್ಲ. ಆದ್ರೆ ಫಿಟ್ಸ್ ಆಗಿ ಎರಡೇ ದಿನಕ್ಕೆ, ಎಡಗಡೆ ಕಾಣದೇ ಇರಬಹುದಾದ ಮಗು ಮುಂದೆ ಚಿತ್ರ, ಬ್ಲಾಕು ಇಟ್ಟು ಬಂದ ನಂಬರು ಅವಳ ಬುದ್ಧಿನ ಹೇಳತ್ತೆ ಅಂತ ನಾನು ಒಪ್ಪಲ್ಲ. ಮಾತು, ನೆನಪು, ಗಮನ, ಕೈಯ ವೇಗ, ನೋಟದ ಗ್ರಹಿಕೆ ಇವನ್ನೆಲ್ಲ ಬಿಡಿಬಿಡಿಯಾಗಿ ಅಳೆಯೋ ನ್ಯೂರೋಸೈಕಾಲಜಿ ಪರೀಕ್ಷೆ ಇದೆ, ಬೆಂಗಳೂರಿನ ನಿಮ್ಹಾನ್ಸ್ 5ರಿಂದ 15 ವರ್ಷದ ಮಕ್ಕಳಿಗೇ ಅಂತ ಇಂಥ ಪರೀಕ್ಷೆಗಳ ಒಂದು ಗುಚ್ಛ ಮಾಡಿದೆ. ಫಿಟ್ಸ್ ಇಲ್ಲದೆ ಕೆಲವು ವಾರ ಕಳೆದ ಮೇಲೆ ಅದನ್ನ ಮಾಡ್ಸಿ. ಕತೆ ತಿರುಗಿ ಹೇಳೋ ಹುಡುಗಿಗೆ ಮಾತಿನ ಭಾಗದಲ್ಲಿ ಒಳ್ಳೆ ಅಂಕ ಬಂದ್ರೆ ನನಗೇನೂ ಆಶ್ಚರ್ಯ ಆಗಲ್ಲ.

ಹಂಗಂತ ಸುಳ್ಳು ಧೈರ್ಯನೂ ಕೊಡಲ್ಲ. ಈ ಕಾಯಿಲೆ ಇರೋ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಕಲಿಕೆಯಲ್ಲೋ ಬುದ್ಧಿ ಬೆಳವಣಿಗೆಯಲ್ಲೋ ತೊಂದ್ರೆ ಇರತ್ತೆ. ಮೊದಲ ವರ್ಷದಲ್ಲೇ ಫಿಟ್ಸ್ ಶುರುವಾದ್ರೆ, ಎರಡೂ ಕಡೆ ಮೆದುಳಲ್ಲಿ ಇದ್ರೆ, ಅಪಾಯ ಹೆಚ್ಚು. ಮುಖದ ಮಚ್ಚೆ ಎಷ್ಟು ದೊಡ್ಡದು ಅನ್ನೋದ್ರಿಂದ ಮಗು ಬುದ್ಧಿ ಲೆಕ್ಕ ಹಾಕೋಕಾಗಲ್ಲ. ಫಿಟ್ಸ್ ಬಂದಾಗ ಆ ಜಾಗಕ್ಕೆ ರಕ್ತ ಜಾಸ್ತಿ ಬೇಕು, ಈ ಗೋಜಲಿನಿಂದಾಗಿ ಅಷ್ಟು ಹೋಗಲ್ಲ, ಹಂಗಾಗಿ ಪ್ರತಿ ಸಲ ಉದ್ದಕ್ಕೆ ಬಂದ ಫಿಟ್ಸೂ ಅಲ್ಲಿನ ಮೆದುಳಿಗೆ ಪೆಟ್ಟು ಕೊಡತ್ತೆ. ವರ್ಷಕ್ಕೆ ಒಂದೆರಡು ತಾನೆ ಅಂತ ಸುಮ್ಮನಿರಬೇಡಿ, ನ್ಯೂರಾಲಜಿಸ್ಟ್ ಹತ್ರ ಮಾತ್ರೆ ಡೋಸ್ ಬಗ್ಗೆ ಮತ್ತೆ ಮಾತಾಡಿ, ಸಣ್ಣ ಪ್ರಮಾಣದ ಆಸ್ಪಿರಿನ್ ಬೇಕಾ ಅಂತ್ಲೂ ಕೇಳಿ, ಆದ್ರೆ ನೀವೇ ಶುರು ಮಾಡ್ಬೇಡಿ. ಕೆಲವು ಮಾತ್ರೆ, ಫಿನೋಬಾರ್ಬಿಟೋನ್ ಥರದ್ದು, ಮಗೂನ ಮಂಕು ಮಾಡತ್ತೆ, ಅದನ್ನೂ ವಿಚಾರಿಸಿ, ಏಕಾಏಕಿ ಮಾತ್ರ ನಿಲ್ಲಿಸಬೇಡಿ. ಜ್ವರ ಬಂದಾಗ, ವಾಂತಿಭೇದಿ ಆದಾಗ ನೀರು ಕಡಿಮೆ ಆಗದಂಗೆ ನೋಡ್ಕೊಳ್ಳಿ.

ಎಡಗಡೆ ಕಾಣಲ್ಲ ಅಂತ ಖಚಿತ ಆದ್ರೆ ಟೀಚರಿಗೆ ಹೇಳಿ: ಅವಳನ್ನ ಕ್ಲಾಸಿನ ಎಡತುದೀಲಿ ಕೂರಿಸ್ಲಿ, ಬೋರ್ಡ್ ಬಲಗಡೆ ಬೀಳತ್ತೆ. ನೋಟ್‌ಬುಕ್ಕಿನ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೀರಿ, ಆ ಗೆರೆ ಸಿಗೋವರ್ಗೂ ಹುಡುಕಿ ಆಮೇಲೆ ಓದು ಅಂತ ಅಭ್ಯಾಸ ಮಾಡ್ಸಿ. 2016ರ ವಿಕಲಚೇತನರ ಕಾಯ್ದೆ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರೋ ಮಗುಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತ ಶಿಕ್ಷಣದ ಹಕ್ಕಿದೆ, ಬೇಕಾದ್ರೆ ವಿಶೇಷ ಶಾಲೆ, ಆಯ್ಕೆ ನಿಮ್ಮದು, ಹೆಡ್‌ಮಾಸ್ಟರದ್ದಲ್ಲ. ಯುಡಿಐಡಿ ಕಾರ್ಡಿಗೆ, ಅಂದ್ರೆ ಸರ್ಕಾರ ಕೊಡೋ ವಿಕಲಚೇತನರ ಗುರುತಿನ ಚೀಟಿಗೆ, ಅರ್ಜಿ ಹಾಕಿ.

ಪ್ರಶ್ನೆ: ನನ್ನ ಸೊಸೆ ಗ್ರಹಣದ ದಿನ ಹೊರಗೆ ಬಂದಿದ್ಲು, ಅದಕ್ಕೇ ಮೊಮ್ಮಗನಿಗೆ ಈ ಮಚ್ಚೆ, ಫಿಟ್ಸ್ ಅಂತ ಊರವರು ಅಂತಾರೆ. ಎರಡನೇ ಮಗುಗೂ ಬರತ್ತಾ?
– ಅಜ್ಜ, ಚನ್ನರಾಯಪಟ್ಟಣ

ಉತ್ತರ: ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ, ದಯವಿಟ್ಟು ಆ ಹುಡುಗಿ ಮೇಲೆ ಹೊರೆ ಹಾಕ್ಬೇಡಿ. ಮಗು ಹೊಟ್ಟೇಲಿ ಬೆಳೆಯುವಾಗ ಜಿಎನ್‌ಎಕ್ಯೂ ಅನ್ನೋ ಜೀನ್‌ನಲ್ಲಿ, ಕೆಲವು ಜೀವಕೋಶದಲ್ಲಿ ಮಾತ್ರ, ತಾನಾಗೇ ಆಗೋ ಬದಲಾವಣೆ ಇದು, 2013ರಲ್ಲಿ ಪತ್ತೆ ಆಯ್ತು. ಅಪ್ಪ ಅಮ್ಮನಿಂದ ಬಂದಿದ್ದಲ್ಲ, ಹಂಗಾಗಿ ಎರಡನೇ ಮಗುಗೆ ಬರೋ ಭಯ ಬೇಡ.

ಪ್ರಶ್ನೆ: ನಮ್ಮ ಶಾಲೇಲಿ ಇದೇ ಕಾಯಿಲೆ ಇರೋ ನಾಲ್ಕನೇ ಕ್ಲಾಸ್ ಹುಡುಗ ಇದ್ದಾನೆ. ಪಾಠದ ಮಧ್ಯೆ ದಿಟ್ಟಿಸಿ ನೋಡ್ತಾ ಕೂರ್ತಾನೆ, ಕರೆದ್ರೆ ಮಾತಾಡಲ್ಲ. ಸೋಮಾರಿತನವಾ?
– ಶಿಕ್ಷಕಿ, ಸಾಗರ

ಉತ್ತರ: ಸೋಮಾರಿತನ ಅಂದ್ಕೋಬೇಡಿ, ಅದೇ ಫಿಟ್ಸ್ ಇರಬಹುದು. ಎಲ್ಲಾ ಫಿಟ್ಸೂ ಬಿದ್ದು ಒದ್ದಾಡೋದಲ್ಲ, ಕಣ್ಣು ಒಂದು ಕಡೆ ತಿರುಗೋದು, ಒಂದೇ ಕೈ ಸಣ್ಣಗೆ ಅದುರೋದು, ಸುಮ್ಮನೆ ದಿಟ್ಟಿಸೋದು, ಇಷ್ಟೇ ಇರಬಹುದು. ಐದು ನಿಮಿಷ ದಾಟಿದ್ರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕೈಗೆ ಕಬ್ಬಿಣ ಕೊಡೋದು, ಬಾಯಿಗೆ ಏನಾದ್ರೂ ತುರುಕೋದು ಬೇಡ, ಪಕ್ಕಕ್ಕೆ ಮಲಗಿಸಿ. ಆಮೇಲೆ ಕೆಲವು ಗಂಟೆ ಮಂಕಾಗಿದ್ರೆ ಅವತ್ತು ಟೆಸ್ಟು, ಕಾಪಿ ಬರೆಸೋದು ಬೇಡ. ಫಿಟ್ಸ್ ಇಲ್ಲದೇನೂ ಒಂದು ಕೈಯೋ ಕಾಲೋ ಇದ್ದಕ್ಕಿದ್ದಂಗೆ ಸೋತು ಹೋದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ಮನೆಯವರಿಗೆ ತಕ್ಷಣ ತಿಳಿಸಿ. ಮುಂದಿನ ಸಲ ಹಾಗೆ ದಿಟ್ಟಿಸಿದಾಗ ಮನೆಯವರ ಒಪ್ಪಿಗೆ ಪಡೆದು ಫೋನಲ್ಲಿ ವಿಡಿಯೋ ಮಾಡ್ಕೊಳ್ಳಿ, ಎಷ್ಟೊತ್ತಿಗೆ ಶುರುವಾಯ್ತು, ಎಷ್ಟು ಹೊತ್ತಿತ್ತು ಬರೆದಿಟ್ಟು ಅವರ ಕೈಲೇ ಡಾಕ್ಟರಿಗೆ ಕಳ್ಸಿ.