ಷ್ಮಿಡ್ಟ್ ಮನೆತನವೂ ನಮ್ಮ ಇನಿಷಿಯಲ್ಲೂ

ದಾವಣಗೆರೆಯ ಓದುಗರೊಬ್ಬರ ಪತ್ರ: "ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ಮನೆ ಮಾಲೀಕರು ಷ್ಮಿಡ್ಟ್. ಐನೂರು ವರ್ಷದಿಂದ ಅವರದು ಇದೇ ಹೆಸರಂತೆ. ನಾವೋ ಅಪ್ಪನ ಹೆಸರನ್ನು ಒಂದಕ್ಷರಕ್ಕೆ ಇಳಿಸಿ, ಮುತ್ತಜ್ಜ ಯಾರೆಂದೇ ಮರೆತಿದ್ದೇವೆ. ನಮಗೂ ಒಂದು ಕಾಯಂ ಮನೆತನದ ಹೆಸರು ಬೇಡವೇ?"

ಉತ್ತರ: ಬೇಡ ಸ್ವಾಮಿ. ವಂಶ ಹುಡುಕುವವರಿಗೆ ಅದರಿಂದ ಅನುಕೂಲ, ಒಪ್ಪೋಣ. ಅಲ್ಲಿನ ಚರ್ಚುಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಟ್ಟ ಪುಸ್ತಕಗಳು 16ನೇ ಶತಮಾನದಿಂದಲೂ ಇವೆ. ಆದರೆ ನೀವು ಇಷ್ಟು ಬೇಗ ಮರುಳಾಗಬಾರದಿತ್ತು!

ಷ್ಮಿಡ್ಟ್ ಅಂದರೆ ಕಮ್ಮಾರ. 12ನೇ ಶತಮಾನದ ಹೊತ್ತಿಗೆ ಪಟ್ಟಣಗಳು ಬೆಳೆದವು. ಬೀದಿ ತುಂಬಾ ಯೊಹಾನ್, ಹೈನ್‌ರಿಖ್‌ಗಳೇ. ತೆರಿಗೆ ಬರೆಯುವವನಿಗೆ ಯಾರು ಯಾರೆಂದು ತಿಳಿಯಬೇಕಲ್ಲ? ಕಸುಬು, ಊರು, ಅಪ್ಪನ ಹೆಸರು, ಕೆಂಪು ಕೂದಲು, ಸಿಕ್ಕಿದ್ದನ್ನು ಅಂಟಿಸಿದರು. ಕಮ್ಮಾರ ಇಲ್ಲದ ಊರಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಷ್ಮಿಡ್ಟರು ದೇಶದ ತುಂಬಾ ಹುಟ್ಟಿಕೊಂಡರು. ಮ್ಯುಲ್ಲರ್ ಬಿಟ್ಟರೆ ಅಲ್ಲಿ ಜಾಸ್ತಿ ಇರುವುದು ಇದೇ ಹೆಸರು. ದಕ್ಷಿಣದಲ್ಲಿ ಷ್ಮಿಡ್, ಕಲೋನ್ ಕಡೆ ಷ್ಮಿಟ್ಸ್. ಪಾದ್ರಿಯ ಕಿವಿಗೆ ಬಿದ್ದಂತೆ ಕಾಗುಣಿತ. 1876ರಲ್ಲಿ ದೇಶಕ್ಕೆಲ್ಲ ಸರ್ಕಾರಿ ನೋಂದಣಿ ಬಂದ ಮೇಲೆ ಅದು ಗಟ್ಟಿಯಾಯಿತು.

ಜರ್ಮನಿಯ ವಾಯುವ್ಯದ ವೆಸ್ಟ್‌ಫಾಲಿಯಾದಲ್ಲಂತೂ ಹೆಸರು ಹೊಲಮನೆಯದು. ಮನೆಅಳಿಯನಾಗಿ ಬಂದವನು ಆ ಹೊಲಮನೆಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ. ಇನ್ನು ಕ್ರೈಸ್ತ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಹುಟ್ಟುವಾಗ ಲೂಡರ್. ದೊಡ್ಡವನಾದ ಮೇಲೆ ತಾನೇ ಬದಲಿಸಿಕೊಂಡ. ಎಲ್ಲಿ ಬಂತು ಸ್ವಾಮಿ ಆ ಕಾಯಂ?

ನನಗೆ ಇಷ್ಟವಾದವರು ಉತ್ತರ ಸಮುದ್ರದ ದಡದ ಪೂರ್ವ ಫ್ರೀಸಿಯಾದ ಜನ. ಯಾನ್‌ನ ಮಗ ಹಾರ್ಮ್ ಯಾನ್ಸೆನ್. ಅವನ ಮಗ ಯಾನ್ ಹಾರ್ಮ್ಸ್. ಥೇಟ್ ನಮ್ಮ ಹಾಗೆ ತಲೆಮಾರಿಗೊಂದು ಹೆಸರು! 1811ರಲ್ಲಿ ನೆಪೋಲಿಯನ್ ಕಾಯಂ ಹೆಸರು ಇಟ್ಟುಕೊಳ್ಳಿ ಎಂದು ಆಜ್ಞೆ ಹೊರಡಿಸಿದ. ಅವನು ಹೋದ, ಹಳೇ ಪದ್ಧತಿ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಅಂದಹಾಗೆ, 1894ರಲ್ಲಿ ನಮಗೆ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಇದೇ ಸೀಮೆಯಲ್ಲಿ. ಕಳೆದ 2025ರ ಮೇ ತಿಂಗಳಿಂದ ಜಾರಿಗೆ ಬಂದ ಜರ್ಮನ್ ಕಾನೂನು ಫ್ರೀಸಿಯನ್ನರಿಗೆ ಅಪ್ಪನ ಅಥವಾ ಅಮ್ಮನ ಹೆಸರಿಂದ ಮಕ್ಕಳ ಹೆಸರು ಕಟ್ಟುವುದಕ್ಕೆ ಮತ್ತೆ ಅವಕಾಶ ಕೊಟ್ಟಿದೆ. ನೀವು ಹೊಗಳುವ ದೇಶವೇ ಇತ್ತ ತಿರುಗಿದೆ, ನೀವು ಅತ್ತ ಹೊರಟಿದ್ದೀರಿ.

ನಮ್ಮಲ್ಲಿ ಹೆಸರು ನೋಡಿ ಜಾತಿ ಅಳೆಯುವ ಚಟ ಬೇರೆ ಇದೆ. ಇನಿಷಿಯಲ್ ಅದಕ್ಕೆ ಸ್ವಲ್ಪವಾದರೂ ಅಡ್ಡ ನಿಲ್ಲುತ್ತದೆ, ಅಲ್ವಾ? ಆದರೆ ಆನ್‌ಲೈನ್ ಫಾರ್ಮ್‌ಗಳಿಗೆ ಅದು ಅರ್ಥವಾಗದು. ಕೊನೆಯ ಹೆಸರು ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಮೊನ್ನೆ ಒಂದು ಟಿಕೆಟ್‌ನಲ್ಲಿ ನಮ್ಮಪ್ಪನ ಹೆಸರನ್ನೇ ನನ್ನ ಹೆಸರು ಮಾಡಿ, ನಿಲ್ದಾಣದ ಮೈಕಿನಲ್ಲಿ ಅವರನ್ನೇ ಕೂಗಿದರು. ತೀರಿಹೋದವರು ವಿಮಾನ ಹತ್ತುವುದು ಹೇಗೆ?